ದುಡಿಮೆಯ ಮನೆಯಲ್ಲಿ ಚಿತ್ರಕಲೆ



ದುಡಿಮೆಯ ಸ್ಥಳದ ಗೋಡೆಗೆ ಚಿತ್ರವೇತಕ್ಕೆ, ಅದು ವೃಥಾ ವ್ಯಯವಲ್ಲವೇ ಎಂದು ಕೇಳುವವರುಂಟು. ಅಂಥವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ನೋಡಬೇಕು. ಅದು 1945ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಗಿ, ಅದೇ ವರ್ಷ ಮುಂಬಯಿಯಲ್ಲಿ ನೆಲೆಗೊಂಡಿತು. ಸ್ಥಾಪಕರಾದ ಹೋಮಿ ಭಾಭಾ ಅವರು ಭೌತವಿಜ್ಞಾನಿಗಳು. ಸ್ವತಃ ಚಿತ್ರ ಬರೆಯಬಲ್ಲವರು. ಕಟ್ಟಡದ ಹಣದಲ್ಲಿ ನೂರಕ್ಕೆ 1ರಷ್ಟನ್ನು ಕಲಾಕೃತಿಗಳಿಗೆ ವಿನಿಯೋಗಿಸಲು ಅವರು ಪ್ರಧಾನಿ ನೆಹರೂ ಅವರ ಒಪ್ಪಿಗೆಯನ್ನು ಪಡೆದರು. ಅಲ್ಲಿಯ ಪ್ರವೇಶಾಂಗಣದಲ್ಲಿ ಹುಸೇನರ ವಿಶಾಲವಾದ ಭಿತ್ತಿಚಿತ್ರವಿದೆ. ಸಂಗ್ರಹದಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರ ಕೃತಿಗಳೂ ಉಂಟು.

ಇದರಿಂದ ಲಾಭವೇನು? ಲೆಕ್ಕದ ತೊಡಕಿನಲ್ಲಿ ದಣಿದ ಕಣ್ಣಿಗೆ ವಿಶ್ರಾಂತಿಯು ದೊರೆಯುವುದು. ಒಂದೇ ಚಿತ್ರದ ಮುಂದೆ ನಿಂತ ವಿದ್ವಾಂಸನಿಗೂ ಜವಾನನಿಗೂ ಮಾತು ಹುಟ್ಟುವುದು. ಈ ಸ್ಥಳವು ನನ್ನದೆಂಬ ಅಭಿಮಾನವು ಬೆಳೆಯುವುದು. ಯಜಮಾನನ ಕೊಠಡಿಯಲ್ಲಿ ಮಾತ್ರ ತೂಗುವ ಚಿತ್ರವು ಸಿರಿಯ ಪ್ರದರ್ಶನ; ದುಡಿಯುವವನು ನಿತ್ಯವೂ ಹಾಯುವ ಹಾದಿಯಲ್ಲಿರುವ ಚಿತ್ರವು ಅವನಿಗೆ ಸಂದ ಗೌರವ.

ಆದುದರಿಂದ ಅಂಗಡಿ, ಮಗ್ಗದ ಮನೆ, ಪಾಠಶಾಲೆಗಳನ್ನು ನಡೆಸುವ ಸದ್ಭಕ್ತರಲ್ಲಿ ನನ್ನದೊಂದು ವಿಜ್ಞಾಪನೆ. ಕೂಲಿಯನ್ನು ಕಡಿದು ಚಿತ್ರವನ್ನು ಕೊಳ್ಳಬೇಡಿರಿ. ಕೂಲಿಯನ್ನು ಸರಿಯಾಗಿ ಸಲ್ಲಿಸಿ, ಊರ ಚಿತ್ರಗಾರನಿಂದಲೇ ಒಂದು ಚಿತ್ರವನ್ನು ಬರೆಯಿಸಿ, ದುಡಿಯುವವರ ಕಣ್ಣೆದುರಿಗೆ ಇರಿಸಿರಿ. ಕೈಗೆ ಕೂಲಿ ಬೇಕಾದಂತೆ ಕಣ್ಣಿಗೂ ಕೂಲಿ ಬೇಕು.