ಹೊಳೆಗೆ ಹಾದಿ ಬಿಟ್ಟು ಸಾಗುವ ಯಾತ್ರೆ

(ಉಪನ್ಯಾಸದ ಬರಹರೂಪ)



ಘಟ್ಟದ ಮೇಲೆ ಮಳೆ ಸುರಿದರೆ ಕೆಳಗಿನ ಊರಿನ ಹೊಳೆ ಬಿಸಿಲಿನಲ್ಲಿಯೇ ಏರುತ್ತದೆ. ಮಲೆನಾಡಿನ ಮಕ್ಕಳಿಗೂ ಇದು ಗೊತ್ತು. ಈ ತಿಳಿವಳಿಕೆಯನ್ನು ದೀರ್ಘ ಪ್ರಯಾಣವೊಂದರ ಯೋಜನೆಯಲ್ಲಿ ಬಳಸುವುದು ಹೇಗೆ ಎಂಬುದಕ್ಕೆ ಅಮೆರಿಕದ ಪೊಟೊಮ್ಯಾಕ್ ನದಿಯ ದಂಡೆಯ ಸೈಕಲ್ ಹಾದಿ ಒಳ್ಳೆಯ ನಿದರ್ಶನ.

ಪಿಟ್ಸ್‌ಬರ್ಗ್ ನಗರದಿಂದ ರಾಜಧಾನಿ ವಾಷಿಂಗ್ಟನ್ನಿನವರೆಗೆ ಸುಮಾರು 540 ಕಿಲೋಮೀಟರ್ ದೂರವನ್ನು ಮೋಟಾರು ವಾಹನಗಳ ಕಾಟವಿಲ್ಲದೆ ಸೈಕಲ್ಲಿನಲ್ಲಿ ಕ್ರಮಿಸಬಹುದು. ಮೊದಲ 240 ಕಿಲೋಮೀಟರ್ ಹಳೆಯ ರೈಲುದಾರಿ. ಅದು ಅಪಲಾಚಿಯನ್ ಬೆಟ್ಟಸಾಲನ್ನು ಏರಿ ಕಂಬರ್ಲೆಂಡ್ ಪಟ್ಟಣಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದಿನ 297 ಕಿಲೋಮೀಟರ್ ಚೆಸಪೀಕ್ ಮತ್ತು ಓಹಾಯೋ ಕಾಲುವೆಯ ಏರಿ. ಒಂದು ಕಾಲದಲ್ಲಿ ಹೇಸರಗತ್ತೆಗಳು ದೋಣಿಗಳನ್ನು ಎಳೆಯುತ್ತ ನಡೆದ ಮಣ್ಣಿನ ದಾರಿ ಅದು. ಬಹುಭಾಗ ನದಿಗೆ ಅಂಟಿಕೊಂಡೇ ಸಾಗುವುದರಿಂದ ನೆರೆ ಬಂದಾಗ ಮೊದಲು ಮುಳುಗುವುದೂ ಇದೇ.

ಈ ಕಾಲುವೆಯ ಚರಿತ್ರೆಯೇ ನೆರೆಯ ಚರಿತ್ರೆ. 1828ರ ಜುಲೈ 4ರಂದು ಕೆಲಸ ಆರಂಭವಾಯಿತು. ಅದೇ ದಿನ ಬಾಲ್ಟಿಮೋರ್ ಮತ್ತು ಓಹಾಯೋ ರೈಲುಮಾರ್ಗಕ್ಕೂ ಅಡಿಗಲ್ಲು ಬಿತ್ತು. ರೈಲು 1842ರಲ್ಲಿ ಕಂಬರ್ಲೆಂಡ್ ತಲುಪಿದರೆ, ಕಾಲುವೆ ತಲುಪಿದ್ದು 1850ರಲ್ಲಿ. 1889ರ ಮಹಾಮಳೆ ಕಾಲುವೆಯನ್ನು ಛಿದ್ರಗೊಳಿಸಿತು. ಅದೇ ಮಳೆಗೆ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಪಟ್ಟಣದ ಮೇಲ್ಭಾಗದ ಅಣೆಕಟ್ಟು ಒಡೆದು 2,209 ಜನ ಪ್ರಾಣ ಕಳೆದುಕೊಂಡರು. 1924ರ ನೆರೆಯ ನಂತರ ಕಾಲುವೆಯಲ್ಲಿ ದೋಣಿ ಸಂಚಾರ ನಿಂತೇಹೋಯಿತು.

ಮುಂದೆ ಈ ಏರಿಯ ಮೇಲೆ ಮೋಟಾರು ರಸ್ತೆ ನಿರ್ಮಿಸುವ ಪ್ರಸ್ತಾಪ ಬಂದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅದನ್ನು ವಿರೋಧಿಸಿದರು. ರಸ್ತೆಯನ್ನು ಬೆಂಬಲಿಸಿದ್ದ ಪತ್ರಿಕಾ ಸಂಪಾದಕರನ್ನೇ ಜೊತೆಗೆ ನಡೆಯಲು ಆಹ್ವಾನಿಸಿ, 1954ರ ಮಾರ್ಚಿಯಲ್ಲಿ ಕಂಬರ್ಲೆಂಡಿನಿಂದ ವಾಷಿಂಗ್ಟನ್ನಿಗೆ ಪಾದಯಾತ್ರೆ ಹೊರಟರು. ಕೊನೆಯವರೆಗೆ ನಡೆದವರು 9 ಮಂದಿ ಮಾತ್ರ. ಆದರೆ ರಸ್ತೆಯ ಯೋಜನೆ ಬಿದ್ದುಹೋಯಿತು. 1971ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ಉದ್ಯಾನವಾಯಿತು. ಮರುವರ್ಷವೇ ಆಗ್ನೆಸ್ ಚಂಡಮಾರುತದ ನೆರೆ ಬಂದಿತು. 1996ರಲ್ಲಂತೂ ಜನವರಿಯಲ್ಲಿ ಹಿಮ ಕರಗಿ ಒಮ್ಮೆ, ಸೆಪ್ಟೆಂಬರಿನಲ್ಲಿ ಚಂಡಮಾರುತದಿಂದ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಬಾರಿ ದಾರಿ ಕೊಚ್ಚಿಹೋಯಿತು.

ಇಂಥ ಹಾದಿಯಲ್ಲಿ ಹೊರಡುವ ಯಾತ್ರಿಕನು ಮೊದಲು ಕಲಿಯಬೇಕಾದದ್ದು ಮೇಲಿನ ಊರಿನ ಮಳೆಯನ್ನು ಓದುವುದು. ತಲೆಯ ಮೇಲಿನ ಆಕಾಶ ತಿಳಿಯಾಗಿದ್ದ ಮಾತ್ರಕ್ಕೆ ನದಿ ತಣ್ಣಗಿದೆ ಎಂದಲ್ಲ. ಕಂಬರ್ಲೆಂಡಿನ ಕೆಳಗೆ ದಕ್ಷಿಣ ಶಾಖೆಯೂ, ಹಾರ್ಪರ್ಸ್ ಫೆರಿಯಲ್ಲಿ ಶೆನಂಡೊವಾ ನದಿಯೂ ಪೊಟೊಮ್ಯಾಕ್ ಅನ್ನು ಸೇರುತ್ತವೆ. ಆದ್ದರಿಂದ ವರ್ಜೀನಿಯಾದ ಕಣಿವೆಯಲ್ಲಿ ಬಿದ್ದ ಮಳೆ, ಮಳೆಯೇ ಕಾಣದ ಮೇರಿಲ್ಯಾಂಡಿನ ದಾರಿಯನ್ನು ಮುಳುಗಿಸಬಲ್ಲದು. ವಾಷಿಂಗ್ಟನ್ನಿನತ್ತ ಸಾಗುವವನ ಬೆನ್ನ ಹಿಂದೆಯೇ ನೆರೆಯೂ ಇಳಿದುಬರುತ್ತದೆ. ಇದನ್ನು ಮೊದಲೇ ತಿಳಿಯಲು ನದಿಯುದ್ದಕ್ಕೂ ನೀರಿನ ಮಟ್ಟ ಅಳೆಯುವ ಮಾಪಕಗಳಿವೆ. ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿ 1895ರಿಂದ ಅಳತೆ ದಾಖಲಾಗುತ್ತಿದೆ. ಅಲ್ಲಿ ಮಾಪಕ 16 ಅಡಿ ಮುಟ್ಟಿದರೆ ಅದು ನೆರೆ. ಬುದ್ಧಿವಂತ ಸವಾರನು ಬೆಳಿಗ್ಗೆ ಸೈಕಲ್ ಏರುವ ಮೊದಲು ಮೇಲ್ಭಾಗದ ಮಾಪಕಗಳನ್ನೂ ನದಿಯ ಮುನ್ಸೂಚನೆಯನ್ನೂ ನೋಡುತ್ತಾನೆ.

ಎರಡನೆಯದು, ಹೊರಬರುವ ದಾರಿಗಳನ್ನು ಮೊದಲೇ ಗುರುತಿಸಿಕೊಳ್ಳುವುದು. ಲಿಟ್ಲ್ ಓರ್ಲಿಯನ್ಸಿನಿಂದ ಹ್ಯಾನ್‌ಕಾಕ್ ಮೂಲಕ ಬಿಗ್ ಪೂಲಿನವರೆಗೆ ಕಾಲುವೆಗೆ ಸಮಾನಾಂತರವಾಗಿ, ಅದಕ್ಕಿಂತ ಎತ್ತರದಲ್ಲಿ, ಹಳೆಯ ರೈಲುಹಾದಿಯ ಡಾಂಬರು ದಾರಿಯೊಂದಿದೆ. ಉದ್ದ ಸುಮಾರು 45 ಕಿಲೋಮೀಟರ್. ಏರಿಯ ಮೇಲೆ ನೀರೋ ಕೆಸರೋ ಇದ್ದಾಗ ಯಾತ್ರಿಕರು ಇದಕ್ಕೆ ಹತ್ತಿಕೊಳ್ಳುತ್ತಾರೆ. ಆದರೆ ಪಾ ಪಾ ಸುರಂಗದ ಆಸುಪಾಸಿನಲ್ಲಿ, ನದಿ ಬೆಟ್ಟಗಳ ನಡುವೆ ಹಾವಿನಂತೆ ಸುತ್ತುವ ಕಡೆ, ಇಂಥ ಸೌಕರ್ಯವಿಲ್ಲ. ಅಂಥ ಭಾಗವನ್ನು ಹೊಕ್ಕ ಮೇಲೆ ಯೋಚಿಸುವುದಲ್ಲ, ಹೊಗುವ ಮೊದಲೇ ತೀರ್ಮಾನಿಸಬೇಕು.

ಮೂರನೆಯದು, ಬಿಡುವಿನ ದಿನಗಳು. ಈ ಹಾದಿಯ ಶಿಬಿರತಾಣಗಳು ಬಹುಪಾಲು ನದಿಯ ಪಕ್ಕದಲ್ಲಿವೆ. ನೀರು ಏರುವ ಸೂಚನೆ ಇದ್ದರೆ ಅಲ್ಲಿ ಮಲಗದೆ, ಎತ್ತರದ ಪಟ್ಟಣದಲ್ಲಿ ಒಂದೆರಡು ದಿನ ತಂಗುವುದೇ ಸರಿ. ಪ್ರಯಾಣದ ವೇಳಾಪಟ್ಟಿಯಲ್ಲಿ ಈ ದಿನಗಳಿಗೆ ಜಾಗವಿಲ್ಲದಿದ್ದರೆ ಯಾತ್ರಿಕನು ಹರಿಯುವ ನೀರಿಗೆ ಸೈಕಲ್ ಇಳಿಸುವ ದುಡುಕಿಗೆ ಬೀಳುತ್ತಾನೆ. ಮೊಣಕಾಲೆತ್ತರದ ಹರಿವೂ ಮನುಷ್ಯನನ್ನು ಕೆಡವಬಲ್ಲದು. ಕೆಂಪು ನೀರಿನ ಕೆಳಗೆ ದಾರಿ ಉಳಿದಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ನಾಲ್ಕನೆಯದು, ನೆರೆ ಇಳಿದ ಮೇಲಿನ ತಾಳ್ಮೆ. ನೀರು ಹಿಂದೆ ಸರಿದರೂ ಹೂಳು, ಉರುಳಿದ ಮರ, ಒಳಗಿಂದೊಳಗೇ ಕುಸಿದ ಮಣ್ಣು ಉಳಿದಿರುತ್ತವೆ. ಹಸಿ ಏರಿಯ ಮೇಲೆ ಓಡಿಸಿದ ಚಕ್ರ ಗಾಡಿಜಾಡು ಕೊರೆಯುತ್ತದೆ. ಮುಂದಿನ ಮಳೆಗೆ ಆ ಜಾಡೇ ತೋಡಾಗುತ್ತದೆ. ಬಿಗ್ ಸ್ಲ್ಯಾಕ್‌ವಾಟರ್ ಎಂಬಲ್ಲಿ 1996ರ ನೆರೆಗಳು ಹಾಳುಗೆಡವಿದ ದಾರಿ ಮತ್ತೆ ತೆರೆದದ್ದು 2012ರಲ್ಲಿ. ಅಷ್ಟೂ ವರ್ಷ ಸವಾರರು ಹಳ್ಳಿಯ ರಸ್ತೆಗಳಲ್ಲಿ ಸುತ್ತುಬಳಸಿ ಹೋದರು. ಯಾತ್ರೆಯೇನೂ ನಿಲ್ಲಲಿಲ್ಲ.

ನದಿಯನ್ನು ದಂಡೆಯೊಳಗೆ ಹಿಡಿದಿಡಬಹುದೆಂಬ ನಂಬಿಕೆಯಿಂದ ಕಟ್ಟಿದ ಕಾಲುವೆಯ ವ್ಯಾಪಾರ ನೂರು ವರ್ಷವೂ ಬಾಳಲಿಲ್ಲ. ನದಿ ಬಂದಾಗ ಬದಿಗೆ ಸರಿಯುವ ನಡಿಗೆಯವರೂ ಸೈಕಲ್ಲಿನವರೂ ಅದೇ ಏರಿಯನ್ನು ಇಂದಿಗೂ ಬಳಸುತ್ತಿದ್ದಾರೆ. ಭೂಮಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದ್ದರಿಂದ ಒಮ್ಮೆಗೇ ಸುರಿಯುವ ಮಳೆ ಪೊಟೊಮ್ಯಾಕ್‌ನಲ್ಲಿಯೂ ಸಹ್ಯಾದ್ರಿಯಲ್ಲಿಯೂ ಹೆಚ್ಚಲಿದೆ. ಬದಿಗೆ ಸರಿಯುವ ವಿದ್ಯೆ ಇನ್ನು ಯಾತ್ರಿಕರಿಗಷ್ಟೇ ಸಾಲದು. ಹೊಳೆ ದಾಟಿ ಶಾಲೆಗೆ ಹೋಗುವ ಮಗುವಿಗೂ ಬೇಕು.

ಅದಕ್ಕೆ ದೊಡ್ಡ ಯಂತ್ರಗಳೇ ಆಗಬೇಕೆಂದಿಲ್ಲ. ಊರಿನ ಸಂಕದ ಕಂಬಕ್ಕೆ ಅಡಿಯ ಗುರುತು ಬರೆದು, ಮಳೆಗಾಲದುದ್ದಕ್ಕೂ ದಂಡೆಯಿಂದಲೇ ನೀರಿನ ಮಟ್ಟವನ್ನು ಓದಿ ಪುಸ್ತಕದಲ್ಲಿ ದಾಖಲಿಸಬಹುದು. ಮೇಲಿನ ಊರಿನವರು ಕೆಳಗಿನ ಊರಿಗೆ ದೂರವಾಣಿಯಲ್ಲಿ ಸುದ್ದಿ ಮುಟ್ಟಿಸಬಹುದು. ಈ ಕೆಲಸವನ್ನು ಶಾಲಾ ವಿದ್ಯಾರ್ಥಿಗಳು ಮುಂದಿನ ಜೂನ್ ತಿಂಗಳಿನಲ್ಲಿಯೇ ಆರಂಭಿಸಲಿ.