ಸಣ್ಣ ದನಿಯ ಹಬ್ಬ

ಹಬ್ಬದ ಮುಂಚಿನ ದಿನಗಳಲ್ಲಿ ಪರಿಚಿತರು ದಾರಿಯಲ್ಲಿ ಎದುರಾದರೆ ಅವರು ಕೇಳುವ ಮೊದಲ ಪ್ರಶ್ನೆ, "ಏನು, ಹಬ್ಬ ಜೋರೇ?" ಎಂಬುದು. ಇದು ಉತ್ತರವನ್ನು ಬಯಸಿ ಕೇಳುವ ಪ್ರಶ್ನೆಯಲ್ಲ. ನಕ್ಕು ತಲೆಯಾಡಿಸಿದರೆ ಸಾಕು. ಆದರೆ ಕಳೆದ ವರ್ಷ ಆಶ್ವಯುಜ ಮಾಸದಲ್ಲಿ ಹೀಗೆ ಕೇಳಿದವರಿಗೆಲ್ಲ ನಾನು ಉತ್ತರವನ್ನೇ ಹೇಳಬೇಕಾಯಿತು: "ಈ ವರ್ಷ ನಮಗೆ ಹಬ್ಬವಿಲ್ಲ." ಕನ್ನಡನಾಡಿನಲ್ಲಿ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಕೇಳಿದವರು ಕಣ್ಣು ತಗ್ಗಿಸುತ್ತಾರೆ, "ಅಯ್ಯೋ, ಮರೆತೇಬಿಟ್ಟಿದ್ದೆ" ಎನ್ನುತ್ತಾರೆ, ಕೈಯಲ್ಲಿರುವ ಹೂವಿನ ಪೊಟ್ಟಣವನ್ನು ಏನೋ ತಪ್ಪು ಮಾಡಿದವರಂತೆ ಚೀಲದೊಳಗೆ ಸರಿಸುತ್ತಾರೆ.

ನನ್ನ ಪತ್ನಿ ತೀರಿಕೊಂಡದ್ದು ಕಳೆದ ವರ್ಷದ ಶ್ರಾವಣದಲ್ಲಿ. ನಮ್ಮ ಸಂಸಾರಕ್ಕೆ ಆಗ 39 ವರ್ಷ. ಶ್ರಾವಣವೆಂದರೆ ಹಬ್ಬಗಳ ಹೆಬ್ಬಾಗಿಲು. ಆಕೆ ಆ ಬಾಗಿಲಿನಲ್ಲಿಯೇ ಹೊರಟುಹೋದಳು. ಹಿಂದೆಯೇ ಗೌರಿ, ಗಣೇಶ, ನವರಾತ್ರಿ, ದೀಪಾವಳಿ ಒಂದೊಂದಾಗಿ ಬಂದುವು. ಪಂಚಾಂಗಕ್ಕೆ ದಾಕ್ಷಿಣ್ಯವಿಲ್ಲ.

ಮನೆಯಲ್ಲೊಬ್ಬರು ಸತ್ತರೆ ವರ್ಷವೊಂದರ ಕಾಲ ಹಬ್ಬ ಮಾಡಬಾರದೆಂಬ ರೂಢಿ ಎಲ್ಲಿಂದ ಬಂದಿತೆಂದು ನಾನು ಆ ದಿನಗಳಲ್ಲಿ ಯೋಚಿಸಿದ್ದುಂಟು. ನಮ್ಮಂಥವರ ಮನೆಗಳಲ್ಲಿ ಶಾಸ್ತ್ರರೀತ್ಯಾ ಆಶೌಚ ಹತ್ತು ದಿನಗಳದು. ಹನ್ನೆರಡನೆಯ ದಿನ ಸಪಿಂಡೀಕರಣವಾಗಿ, ಹದಿಮೂರನೆಯ ದಿನ ಶುಭಸ್ವೀಕಾರದ ಸಿಹಿಯೂಟವೂ ಆಗಿಬಿಡುತ್ತದೆ. ಆದರೆ ಸಪಿಂಡೀಕರಣವನ್ನು, ಎಂದರೆ ಸತ್ತವರನ್ನು ಪಿತೃಗಳ ಸಾಲಿಗೆ ಸೇರಿಸುವ ಕರ್ಮವನ್ನು, ವರ್ಷಾಂತ್ಯದಲ್ಲಿ ಮಾಡಬೇಕೆಂಬುದೇ ಮೂಲ ವಿಧಿ. ಅದನ್ನು ಹನ್ನೆರಡನೆಯ ದಿನಕ್ಕೆ ಎಳೆದುಕೊಂಡದ್ದು ಅನುಕೂಲಕ್ಕಾಗಿ. ಕರ್ಮ ಮುಂದಕ್ಕೆ ಬಂದರೂ ಮನಸ್ಸು ಮಾತ್ರ ವರ್ಷದ ಲೆಕ್ಕವನ್ನು ಬಿಟ್ಟುಕೊಡಲಿಲ್ಲವೆಂದು ತೋರುತ್ತದೆ. ಈ ರೂಢಿಯಲ್ಲಿ ಒಂದು ಕರುಣೆಯೂ ಇದೆ. ದುಃಖದಲ್ಲಿರುವವನನ್ನು ಅದು ನಗಬೇಕಾದ ಕಟ್ಟಿನಿಂದ ಬಿಡಿಸುತ್ತದೆ. ಒಲೆಯ ಮೇಲೆ ಬಾಣಲೆಯಿಡದ ಮನೆಗೆ ನೆರೆಯವರು ತಟ್ಟೆಯಲ್ಲಿ ಸಿಹಿ ತಂದುಕೊಡುತ್ತಾರೆ. ಆ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಿದರೂ ಯಾರೂ ತಪ್ಪೆಣಿಸುವುದಿಲ್ಲ.

ಆದರೆ ಹಬ್ಬವನ್ನು ನಿಲ್ಲಿಸಿದಷ್ಟು ಸುಲಭವಾಗಿ ನಿತ್ಯದ ಬದುಕನ್ನು ನಿಲ್ಲಿಸಲು ಬಾರದು. ಬೆಳಗ್ಗೆ ಹಾಲಿನವನು ಗಂಟೆ ಬಾರಿಸುತ್ತಾನೆ. ಆರು ವರ್ಷದ ಮೊಮ್ಮಗಳಿಗೆ ಜಡೆ ಹೆಣೆದು ಶಾಲೆಯ ವಾಹನಕ್ಕೆ ಹತ್ತಿಸಬೇಕು. ಮಗ ಕಛೇರಿಗೆ ಹೊರಡಬೇಕು. ಸೊಸೆಯೂ ಉದ್ಯೋಗದಲ್ಲಿರುವವಳು, ಅವಳು ಐದಕ್ಕೆ ಎದ್ದರೆ ಎಂಟೂವರೆಯವರೆಗೆ ಕುಳಿತದ್ದನ್ನು ನಾನು ಕಂಡಿಲ್ಲ. ಈ ಗದ್ದಲದ ನಡುವೆ ನಾನೊಬ್ಬ ಪತ್ರಿಕೆ ಹಿಡಿದು ಜಗಲಿಯಲ್ಲಿ ಕುಳಿತಿರುತ್ತಿದ್ದೆ. ಸತ್ಯವನ್ನು ಹೇಳಬೇಕೆಂದರೆ, ನನಗೆ ಅವರೆಲ್ಲರ ಮೇಲೆ ಒಳಗೇ ಒಂದು ಅಸಮಾಧಾನವಿತ್ತು. ಇಷ್ಟು ಬೇಗ ಇವರು ಮರೆತರಲ್ಲ ಎಂಬ ಅಸಮಾಧಾನ. ಸೊಸೆ ಒಂದು ದಿನ ಯಾರೊಡನೆಯೋ ದೂರವಾಣಿಯಲ್ಲಿ ಮಾತನಾಡುತ್ತ ಗಟ್ಟಿಯಾಗಿ ನಕ್ಕಳು. ಆ ನಗು ನನ್ನನ್ನು ಎರಡು ದಿನ ಚುಚ್ಚಿತು.

ಈ ಅಸಮಾಧಾನ ಹೊರಬಿದ್ದದ್ದು ಉಪ್ಪಿನಕಾಯಿಯ ನೆವದಿಂದ. ನಾವು ಮಲೆನಾಡಿನವರು. ಮಾವಿನ ಮಿಡಿಯ ಉಪ್ಪಿನಕಾಯಿಯಿಲ್ಲದೆ ಮೊಸರನ್ನ ನಮಗೆ ಗಂಟಲಲ್ಲಿಳಿಯದು. ಶರಾವತಿ, ವರದಾ, ಅಘನಾಶಿನಿಯಂಥ ಹೊಳೆಗಳ ದಂಡೆಯ ಅಪ್ಪೆಮಿಡಿಯೆಂದರೆ ಅದಕ್ಕೊಂದು ಸೊನೆಯ ಪರಿಮಳವುಂಟು. ಉಪ್ಪಿನಲ್ಲಿ ಹಾಕಿ, ಮಿಡಿ ಚಿರುಟಿದ ಮೇಲೆ ಸಾಸಿವೆ ಮೆಣಸು ಅರೆದು ಬೆರೆಸಿ ಭರಣಿ ತುಂಬಿ ಬಟ್ಟೆ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನನ್ನಾಕೆ ಪ್ರತಿ ಬೇಸಗೆಯಲ್ಲಿಯೂ ಇದನ್ನು ಒಂದು ವ್ರತದಂತೆ ಮಾಡುತ್ತಿದ್ದಳು. ಆ ಬೇಸಗೆಯಲ್ಲಿಯೂ ಮಾಡಿದ್ದಳು. ಹೀಗಿರುವಾಗ ಸೊಸೆ ತಿಂಗಳುಗಟ್ಟಲೆ ಅಂಗಡಿಯ ಉಪ್ಪಿನಕಾಯಿಯನ್ನೇ ಬಡಿಸುತ್ತಿದ್ದಳು. ದೀಪಾವಳಿಗೆ ವಾರವಿರುವಾಗ ಒಂದು ರಾತ್ರಿ ನನ್ನ ತಾಳ್ಮೆ ತಪ್ಪಿತು. "ಏನಮ್ಮ, ಅತ್ತೆ ಹಾಕಿಟ್ಟ ಉಪ್ಪಿನಕಾಯಿ ಅಷ್ಟು ಬೇಡವಾಯಿತೇ ನಿನಗೆ?" ಎಂದುಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ಮಗ ತಟ್ಟೆಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಒಂದೇ ಭರಣಿ ಇರುವುದು, ಮಾವ. ತೆಗೆದರೆ ಮುಗಿದುಹೋಗುತ್ತದಲ್ಲ."

ನಾನು ಮೂವತ್ತೈದು ವರ್ಷ ತರಗತಿಗಳಲ್ಲಿ ಕಾವ್ಯದ ಕರುಣರಸವನ್ನು ವಿವರಿಸಿದವನು. ನನ್ನ ಮನೆಯ ಅಡುಗೆಮನೆಯಲ್ಲಿ ಅಟ್ಟದ ಮೇಲಿದ್ದುದನ್ನು ನಾನು ಕಂಡಿರಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ ಮಲಗಿದ್ದಾಗ ನೆನಪಾದದ್ದು ರಾಘವಾಂಕನ ಹರಿಶ್ಚಂದ್ರಕಾವ್ಯ. ಎಷ್ಟು ವರ್ಷ ಅದನ್ನು ಪಾಠ ಹೇಳಿದ್ದೆನೋ! ಕಾಡಿಗೆ ಹೋದ ಲೋಹಿತಾಶ್ವ ಹಾವು ಕಚ್ಚಿ ಸತ್ತ ಸುದ್ದಿ ಚಂದ್ರಮತಿಗೆ ಬರುತ್ತದೆ. ಅವಳು ದಾಸಿ. ಮಗನನ್ನು ಹುಡುಕಿಕೊಂಡು ಹೋಗಲು ಒಡೆಯನ ಅಪ್ಪಣೆ ಬೇಡಿದರೆ, ಮನೆಗೆಲಸ ಮುಗಿಸಿ ಹೋಗೆನ್ನುತ್ತಾನೆ. ಕೆಲಸವೆಲ್ಲವನ್ನೂ ಮಾಡಿ ಮುಗಿಸಿ ಅವಳು ಕತ್ತಲೆಯಲ್ಲಿ ಕಾಡಿಗೆ ಓಡುತ್ತಾಳೆ. ನಾವು ತರಗತಿಯಲ್ಲಿ ಅವಳ ಪ್ರಲಾಪದ ಷಟ್ಪದಿಗಳನ್ನು ರಾಗವಾಗಿ ಓದಿ ಹುಡುಗರ ಕಣ್ಣಲ್ಲಿ ನೀರು ತರಿಸುತ್ತಿದ್ದೆವು. ಅದಕ್ಕೆ ಮುಂಚಿನ ಆ ಗಳಿಗೆಗಳನ್ನು, ಎಂದರೆ ಮಗನ ಸಾವನ್ನು ಎದೆಯಲ್ಲಿಟ್ಟುಕೊಂಡು ಅವಳು ಮನೆಗೆಲಸ ಮಾಡಿದ ಹೊತ್ತನ್ನು, ನಾನು ಒಡೆಯನ ಕ್ರೌರ್ಯಕ್ಕೆ ಉದಾಹರಣೆಯೆಂದಷ್ಟೇ ಹೇಳಿ ದಾಟಿಬಿಡುತ್ತಿದ್ದೆ. ನಮ್ಮ ಮನೆಗಳಲ್ಲಿ ಹೆಂಗಸರ ದುಃಖ ಬಹುಮಟ್ಟಿಗೆ ಆ ಹೊತ್ತಿನಲ್ಲಿಯೇ ಇದೆ. ಒಡೆಯನಿಲ್ಲದಿದ್ದರೂ ಒಲೆಯಿದೆ, ಮಗುವಿನ ಹಸಿವಿದೆ, ಗಡಿಯಾರವಿದೆ. ಅವರು ಅಳುವುದಕ್ಕೆ ಕುಳಿತುಕೊಳ್ಳುವುದಿಲ್ಲವೆಂದರೆ ಅಳು ಇಲ್ಲವೆಂದು ಅರ್ಥವಲ್ಲ.

ಬೇಂದ್ರೆಯವರ ವಿಚಾರವೂ ಮನಸ್ಸಿಗೆ ಬಂದಿತು. ಯುಗಾದಿಯ ದಿನ ನಾಡೆಲ್ಲ ಹಾಡುವ ಹಾಡನ್ನು ಕೊಟ್ಟವರು ಅವರು. ಹಲವು ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದ ತಂದೆಯೂ ಅವರೇ. 'ಸಖೀಗೀತ'ದಲ್ಲಿ ಅವರು ತಮ್ಮ ದಾಂಪತ್ಯವನ್ನು ಹಾಡಿದಾಗ ಸುಖಕ್ಕೊಂದು ಅಧ್ಯಾಯ, ದುಃಖಕ್ಕೊಂದು ಅಧ್ಯಾಯ ಎಂದು ಬೇರ್ಪಡಿಸಲಿಲ್ಲ. ಎರಡೂ ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಇದ್ದುವು.

ಮರುದಿನ ಮೊಮ್ಮಗಳು ನನ್ನ ಮುಂದೆ ಬಂದು ನಿಂತಳು. "ಅಜ್ಜ, ಅಜ್ಜಿ ಇಲ್ಲದೆ ಇದ್ದರೆ ದೀಪಾವಳಿ ಬರುವುದೇ ಇಲ್ಲವಾ?" ಎಂದಳು. ಶಾಲೆಯಲ್ಲಿ ಎಲ್ಲ ಮಕ್ಕಳೂ ಹಬ್ಬದ ಮಾತಾಡುತ್ತಿದ್ದರಂತೆ. ನಾನು ಏನೋ ಹೇಳಲು ಹೋಗಿ ತಡವರಿಸಿದೆ. ಆಗ ನನ್ನ ತಾಯಿಯ ನೆನಪಾಯಿತು.

1967ರ ಮಾತು. ನನಗೆ ಒಂಬತ್ತು ವರ್ಷ. ಆ ಮಳೆಗಾಲದಲ್ಲಿ ನನ್ನ ಅಕ್ಕ ಜ್ವರದಿಂದ ತೀರಿಕೊಂಡಿದ್ದಳು. ಅವಳಿಗೆ ಹದಿನಾರು. ದೀಪಾವಳಿ ಬಂದಿತು, ನಮಗೆ ಹಬ್ಬವಿಲ್ಲ. ಆದರೂ ಪಾಡ್ಯದ ಬೆಳಗ್ಗೆ ತಾಯಿ ಕೊಟ್ಟಿಗೆಗೆ ಹೋಗಿ ಹಸುಗಳ ಮೈತೊಳೆದು, ಕೊರಳಿಗೆ ಚೆಂಡುಹೂವಿನ ಸರ ಕಟ್ಟಿದಳು. ತಂದೆ ಕೇಳಿದ್ದಕ್ಕೆ, "ಹಸುವಿಗೂ ಮಕ್ಕಳಿಗೂ ಸೂತಕವಿಲ್ಲ" ಎಂದಳು. ಆ ರಾತ್ರಿ ಅಂಟಿಕೆ-ಪಂಟಿಕೆಯವರು ಬಂದರು. ಕೇಳುಗರಲ್ಲಿ ಮಲೆನಾಡಿನವರಿಗೆ ಇದು ಗೊತ್ತು. ಊರಿನ ಗಂಡಸರು ದೇವಸ್ಥಾನದಲ್ಲಿ ಹಚ್ಚಿದ ದೀಪವೊಂದನ್ನು ಆರದಂತೆ ಕಾಪಾಡಿಕೊಂಡು, ರಾತ್ರಿಯಿಡೀ ಹಾಡುತ್ತ ಮನೆಯಿಂದ ಮನೆಗೆ ನಡೆಯುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆಯೆರೆದು, ಅದರಿಂದ ತಮ್ಮ ದೀಪವನ್ನು ಹಚ್ಚಿಕೊಳ್ಳುತ್ತಾರೆ. ನಮ್ಮ ಮನೆಯ ಹತ್ತಿರ ಬರುತ್ತಲೇ ಹಾಡು ನಿಂತಿತು. ಅವರು ತಡಮೆಯ ಹೊರಗೆ ಸುಮ್ಮನೆ ನಿಂತರು, ಮುಂದೆ ಹೋಗುವುದೋ ಒಳಗೆ ಬರುವುದೋ ತಿಳಿಯದೆ. ತಾಯಿ ಎಣ್ಣೆಯ ಗಿಂಡಿ ಹಿಡಿದು ಅಂಗಳಕ್ಕಿಳಿದಳು. ದೀಪಕ್ಕೆ ಎಣ್ಣೆ ಹಾಕಿದಳು. "ಹಾಡುವುದೇ ಅಮ್ಮಾ?" ಎಂದು ಹಿರಿಯನೊಬ್ಬ ಕೇಳಿದ. ತಾಯಿ ಸ್ವಲ್ಪ ತಡೆದು, "ಹಾಡಿ. ಸಣ್ಣ ದನಿಯಲ್ಲಿ ಹಾಡಿ" ಎಂದಳು. ಹತ್ತು ಹನ್ನೆರಡು ಗಟ್ಟಿಗಂಟಲಿನ ಗಂಡಸರು ತೊಟ್ಟಿಲ ಬಳಿ ಹಾಡುವವರಂತೆ ದನಿ ತಗ್ಗಿಸಿ ಹಾಡಿದ ಆ ಹಾಡು ಈಗಲೂ ನನ್ನ ಕಿವಿಯಲ್ಲಿದೆ.

ದೀಪಾವಳಿಯಿಂದ ಸತ್ತವರನ್ನು ಹೊರಗಿಡಲು ಸಾಧ್ಯವೂ ಇಲ್ಲ. ಪಟಾಕಿಯ ಸದ್ದಿನಲ್ಲಿ ನಾವು ಮರೆತಿದ್ದೇವೆ, ಅಷ್ಟೆ. ನೀರು ತುಂಬುವ ತ್ರಯೋದಶಿಯ ಸಂಜೆ ಮನೆಯ ಹೊರಗೆ ಯಮನಿಗೊಂದು ದೀಪವಿಡಬೇಕು. ನರಕ ಚತುರ್ದಶಿಯ ಅಭ್ಯಂಗನದ ಜೊತೆಗೆ ಯಮತರ್ಪಣವೂ ಹೇಳಿದೆ. ಉಲ್ಕಾದಾನವೆಂಬ ವಿಧಿಯಲ್ಲಿ ಸಂಜೆ ದೊಂದಿಗಳನ್ನು ಹಿಡಿದು ತೋರಿಸುವುದು ಪಿತೃಗಳಿಗೆ. ಮಹಾಲಯದಲ್ಲಿ ಮನೆಗೆ ಬಂದವರು ಹಿಂದಿರುಗಲು ದಾರಿ ಕಾಣಲೆಂದು. ಕಾರ್ತಿಕದ ಆಕಾಶದೀಪಕ್ಕೂ ಪಿತೃಗಳ ನಂಟುಂಟು. ಬಿದಿಗೆಯನ್ನು ಯಮದ್ವಿತೀಯೆ ಎನ್ನುತ್ತಾರೆ. ಯಮ ಅಂದು ತಂಗಿ ಯಮುನೆಯ ಮನೆಗೆ ಊಟಕ್ಕೆ ಹೋಗುತ್ತಾನೆ. ಸಾವಿನ ಒಡೆಯನಿಗೂ ಹಬ್ಬದ ಎಲೆ ಹಾಕಿದ ಜನ ನಮ್ಮವರು. ಬೆಳಕಿನ ಹಬ್ಬವೆಂದು ನಾವು ಕರೆಯುವ ಈ ಹಬ್ಬದ ಅರ್ಧದಷ್ಟು ದೀಪಗಳು ಹೋದವರಿಗಾಗಿ ಹಚ್ಚಿದುವು.

ಹೀಗೆಲ್ಲ ಯೋಚಿಸಿ ನಾನು ಸೊಸೆಯನ್ನು ಕರೆದು, "ಹಬ್ಬ ಬೇಡ, ಆದರೆ ಮಗುವಿಗೆ ಎಣ್ಣೆನೀರು ಹಾಕೋಣ, ನಾಲ್ಕು ದೀಪ ಹಚ್ಚೋಣ" ಎಂದೆ. ಅವಳ ಮುಖ ಹಗುರಾಯಿತು. ತಾನೇ ಕೇಳಬೇಕೆಂದಿದ್ದಳಂತೆ; ನನಗೆ ನೋವಾದೀತೆಂದು ಕೇಳಿರಲಿಲ್ಲ. ನಾನು ಅವಳ ಮೇಲೆ ಮುನಿದಿದ್ದ ದಿನಗಳಲ್ಲಿ ಅವಳು ನನಗೆ ಹೆದರಿದ್ದಳು.

ಅದೊಂದು ಸೊಗಸಾದ ಹಬ್ಬವಾಯಿತೆಂದು ಹೇಳಿದರೆ ಸುಳ್ಳಾದೀತು. ನಮ್ಮ ಮನೆಯಲ್ಲಿ ಹಂಡೆಯಿಲ್ಲ, ಗೀಸರ್ ಇದೆ. ಅದರ ಕೊಳವೆಗೇ ನನ್ನಾಕೆ ಪ್ರತಿ ವರ್ಷ ಹಾಗಲಬಳ್ಳಿ ಸುತ್ತಿ ಕುಂಕುಮವಿಡುತ್ತಿದ್ದಳು. ಆ ಕೆಲಸವನ್ನು ನಾನು ವಹಿಸಿಕೊಂಡೆ. ಬಳ್ಳಿ ಎರಡು ಸಲ ಜಾರಿ ಬಿದ್ದಿತು. ಅವಳು ಅದನ್ನು ಹೇಗೆ ಗಂಟು ಹಾಕುತ್ತಿದ್ದಳೆಂದು ನಾನು ಒಮ್ಮೆಯೂ ನೋಡಿರಲಿಲ್ಲ. 38 ದೀಪಾವಳಿಗಳಲ್ಲಿ ನಾನು ಕಾದ ನೀರಿಗೆ ಎದ್ದುಬಂದ ಅತಿಥಿಯಾಗಿದ್ದೆನೆಂಬುದು ಆ ಬೆಳಗಿನ ಜಾವ, ಬಚ್ಚಲಮನೆಯಲ್ಲಿ ಹಾಗಲಬಳ್ಳಿಯನ್ನು ಕೈಯಲ್ಲಿ ಹಿಡಿದು ನಿಂತಾಗ ತಿಳಿಯಿತು. ಅಲ್ಲಿಯೇ ಸ್ವಲ್ಪ ಅತ್ತೆ. ಹೊರಗೆ ಮೊಮ್ಮಗಳು ಬಾಗಿಲು ಬಡಿಯುತ್ತಿದ್ದಳು, ಎಣ್ಣೆ ಕಣ್ಣಿಗಿಳಿಯುತ್ತಿದೆಯೆಂದು. ಕಣ್ಣೊರಸಿಕೊಂಡು ಬಾಗಿಲು ತೆರೆದೆ.

ಮಧ್ಯಾಹ್ನ ಪಕ್ಕದ ಮನೆಯವರು ಹೋಳಿಗೆ ಕಳಿಸಿದರು. ಊಟಕ್ಕೆ ಕುಳಿತಾಗ ನಾನೇ ಹೇಳಿದೆ: "ಆ ಭರಣಿಯನ್ನು ಇಳಿಸಮ್ಮ." ಮಗ ಅಟ್ಟಕ್ಕೆ ಕೈಚಾಚಿ ಇಳಿಸಿದ. ಸೊಸೆ ಬಟ್ಟೆಯ ಗಂಟು ಬಿಚ್ಚಿದಳು. ಆ ಗಂಟು ನನ್ನಾಕೆ ಕಟ್ಟಿದ್ದು. ಮುಚ್ಚಳ ತೆಗೆದಾಗ ಸೊನೆಯ ಪರಿಮಳ ಕೋಣೆಯನ್ನೆಲ್ಲ ತುಂಬಿತು. ಯಾರೂ ಮಾತಾಡಲಿಲ್ಲ. ಮೊಮ್ಮಗಳು ಒಂದು ಮಿಡಿಯನ್ನು ಕಚ್ಚಿ, ಖಾರಕ್ಕೆ ಕಣ್ಣುಮೂಗು ಕೆಂಪಾಗಿಸಿಕೊಂಡು, "ಅಜ್ಜಿ ಖಾರ ಜಾಸ್ತಿ ಹಾಕಿದ್ದಾಳೆ" ಎಂದಳು. ಹಾಕಿದ್ದಾಳೆ ಎಂದಳು, ಹಾಕಿದ್ದಳು ಎನ್ನಲಿಲ್ಲ. ನಾವು ಮೂವರೂ ನಕ್ಕೆವು. ನಕ್ಕ ಮೇಲೆ ನನಗೆ ಅಪರಾಧ ಮಾಡಿದಂತೆನಿಸಿತು. ಸ್ವಲ್ಪ ಹೊತ್ತಿನಲ್ಲಿ ಅದೂ ಹೋಯಿತು.

ಭರಣಿ ಮಾಘದ ಹೊತ್ತಿಗೆ ಮುಗಿಯಿತು. ಬೇಸಗೆಯಲ್ಲಿ ಸೊಸೆ ಮಿಡಿ ತರಿಸಿದಳು. ಸಾಸಿವೆಯ ಅಳತೆ ಅವಳಿಗೆ ಗೊತ್ತಿರಲಿಲ್ಲ, ನನಗಂತೂ ಗೊತ್ತಿರಲಿಲ್ಲ. ಊರಿನಲ್ಲಿರುವ ನನ್ನ ನಾದಿನಿಯನ್ನು ಕೇಳಿ ಅಂತೂ ಹಾಕಿದೆವು. ಉಪ್ಪು ಒಂದಿಷ್ಟು ಹೆಚ್ಚಾಗಿದೆ. ತಿನ್ನುತ್ತಿದ್ದೇವೆ.

ಈ ಶ್ರಾವಣದಲ್ಲಿ ವರ್ಷಾಬ್ದಿಕ ಮುಗಿದಿದೆ. ಪಂಚಾಂಗದ ಪ್ರಕಾರ ಈ ವರ್ಷ ನಮಗೆ ಹಬ್ಬವುಂಟು. ಮನಸ್ಸಿನ ಪ್ರಕಾರ ಎಷ್ಟು ಉಂಟೆಂದು ಆ ದಿನವೇ ಹೇಳಬೇಕು. ಇದನ್ನು ಕೇಳುತ್ತಿರುವವರಲ್ಲಿ ಕೆಲವರಿಗೆ ಈ ಸಲ ಹಬ್ಬವಿಲ್ಲದಿರಬಹುದು. ಅವರಿಗೆ ಸಮಾಧಾನ ಹೇಳುವ ಯೋಗ್ಯತೆ ನನಗಿಲ್ಲ. ಮನೆಯಲ್ಲಿ ನಗುವವರ ಮೇಲೆ ಮುನಿಯಬೇಡಿರೆಂದು ಮಾತ್ರ ಹೇಳಬಲ್ಲೆ. ಅವರೂ ಯಾವುದೋ ಭರಣಿಯನ್ನು ಮುಟ್ಟದೆ ಕಾಪಾಡುತ್ತಿರಬಹುದು. ಹಬ್ಬವುಳ್ಳವರಿಗೂ ಒಂದು ಮಾತು. ನಿಮ್ಮ ಬೀದಿಯಲ್ಲಿ ದೀಪವಿಲ್ಲದ ಮನೆಯೊಂದಿದ್ದರೆ ಅದರ ಮುಂದೆ ಸದ್ದಿಲ್ಲದೆ ಹಾದುಹೋಗಬೇಡಿ. ಬಾಗಿಲು ತಟ್ಟಿ, ಒಂದು ತಟ್ಟೆ ಕೊಡಿ. ಹಾಡಬೇಕೇ ಎಂದು ಕೇಳಿ. ಹಾಡಿರೆಂದರೆ, ಸಣ್ಣ ದನಿಯಲ್ಲಿ ಹಾಡಿ.