ಜೇಡಮ್ಮ ಕಲಿಸಿದ ಪಾಠ



ಒಂದು ಹಂದಿಮರಿ, ಒಂದು ಜೇಡ, ಒಂದು ಹೊಟ್ಟೆಬಾಕ ಇಲಿ. ಇಷ್ಟನ್ನೇ ಇಟ್ಟುಕೊಂಡು ಯಾರಾದರೂ ಕಾದಂಬರಿ ಬರೆಯುತ್ತಾರೆಯೇ ಎಂದು ನೀವು ನಗಬಹುದು. ಅಮೆರಿಕದ ಇ. ಬಿ. ವೈಟ್ 1952ರಲ್ಲೇ ಬರೆದರು. ಹೆಸರು 'ಷಾರ್ಲಟ್ಸ್ ವೆಬ್', ಅಂದರೆ ಷಾರ್ಲಟ್‌ಳ ಬಲೆ. ಅಂಗಡಿಗಳಲ್ಲಿ ಇದು ಮಕ್ಕಳ ಕಪಾಟಿನಲ್ಲಿರುತ್ತದೆ. ದೊಡ್ಡವರೂ ಸಂಕೋಚ ಬಿಟ್ಟು ಅಲ್ಲಿಗೇ ಹೋಗಿ ಕೊಳ್ಳಿ.

ಬಡಕಲು ಹಂದಿಮರಿಯೊಂದನ್ನು ಕೊಲ್ಲಲು ಅಪ್ಪ ಕೊಡಲಿ ಹಿಡಿದು ಹೊರಟಾಗ, ಎಂಟು ವರ್ಷದ ಫರ್ನ್ ಅಡ್ಡ ನಿಂತು ಉಳಿಸುತ್ತಾಳೆ. ವಿಲ್ಬರ್ ಎಂದು ಹೆಸರಿಟ್ಟು ಬಾಟಲಿಯಲ್ಲಿ ಹಾಲು ಕುಡಿಸುತ್ತಾಳೆ. ಮುಂದೆ ವಿಲ್ಬರ್ ಬಂಧುಗಳ ಕೊಟ್ಟಿಗೆ ಸೇರುತ್ತದೆ. ಚಳಿಗಾಲ ಬಂತೆಂದರೆ ಅಲ್ಲಿ ಅದರ ಆಯುಷ್ಯ ಮುಗಿದಂತೆ. ಆಗ ಬಾಗಿಲ ಮೇಲಿನ ಜೇಡಮ್ಮ ಷಾರ್ಲಟ್, ರಾತ್ರಿಯೆಲ್ಲ ಎದ್ದಿದ್ದು, ಹಂದಿಯನ್ನು ಹೊಗಳುವ ಮಾತನ್ನು ಬಲೆಯಲ್ಲೇ ನೇಯುತ್ತಾಳೆ! ನೋಡಲು ಜನ ಮುಗಿಬೀಳುತ್ತಾರೆ. ತಮಾಷೆ ನೋಡಿ, ಅವರು ಕೊಂಡಾಡುವುದು ಹಂದಿಯನ್ನು, ಬರೆದ ಜೇಡವನ್ನಲ್ಲ. ಹೊಸ ಪದ ಬೇಕಾದಾಗ ಇಲಿರಾಯ ಗೊಣಗುತ್ತಲೇ ಸೋಪಿನ ಪೊಟ್ಟಣದ ಚೂರನ್ನು ಕಚ್ಚಿ ತರುತ್ತಾನೆ.

ಕೊನೆಗೆ ವಿಲ್ಬರ್ ಉಳಿಯುತ್ತದೆ, ಷಾರ್ಲಟ್ ಸಾಯುತ್ತಾಳೆ. ಗುಟ್ಟು ಬಿಟ್ಟುಕೊಟ್ಟೆನೆಂದು ಬೇಸರಿಸಬೇಡಿ. ಹೇಳುವುದಕ್ಕೆ ಕಾರಣವಿದೆ.

ಇದನ್ನು ಮಗಳಿಗೆ ಓದಿ ಹೇಳಿದ ವರ್ಷವೇ ಧಾರವಾಡದಲ್ಲಿ ನಮ್ಮ ತಾಯಿ ತೀರಿಕೊಂಡಿದ್ದರು. ಮುಂಬಯಿಯಿಂದ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವಿಗೆ "ಅಜ್ಜಿ ದೇವರ ಹತ್ತಿರ ಹೋದರು" ಎಂದಷ್ಟೇ ಹೇಳಿ ಮಾತು ಮುಗಿಸಿದ್ದೆವು. ಷಾರ್ಲಟ್ ಜಾತ್ರೆಯ ಮೈದಾನದಲ್ಲಿ ಒಂಟಿಯಾಗಿ ಸಾಯುವ ಪುಟ ಬಂದಾಗ ಹಾರಿಸಲು ನೋಡಿದೆ. ಅವಳು ಬಿಡಲಿಲ್ಲ. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಜ್ಜಿ ಹತ್ತಿರ ಆಗ ಯಾರಿದ್ರು ಅಪ್ಪಾ?"

ಆ ರಾತ್ರಿ ನಾವಿಬ್ಬರೂ ಅಜ್ಜಿಯ ಬಗ್ಗೆ ಮೊದಲ ಸಲ ಮಾತಾಡಿದೆವು.

1970ರಲ್ಲಿ ಧ್ವನಿಮುದ್ರಣಕ್ಕಾಗಿ ವೈಟ್ ಸ್ವತಃ ಈ ಪುಸ್ತಕ ಓದಿದರು. ಷಾರ್ಲಟ್ ಸಾಯುವ ಭಾಗಕ್ಕೆ ಬಂದಾಗಲೆಲ್ಲ ಗಂಟಲು ಕಟ್ಟಿ, ಮತ್ತೆ ಮತ್ತೆ ಓದಬೇಕಾಯಿತಂತೆ. ಬರೆದವರಿಗೇ ಹೀಗಾದರೆ ನಮ್ಮ ಪಾಡೇನು!

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಷಾರ್ಲಟ್ ಇಟ್ಟ 514 ಮೊಟ್ಟೆಗಳಿವೆ. ಅವು ಏನಾದವು? ಅದನ್ನು ಮಾತ್ರ ನಾನು ಹೇಳುವುದಿಲ್ಲ.

ಒಟ್ಟು 22 ಅಧ್ಯಾಯಗಳು. ದಿನಕ್ಕೊಂದರಂತೆ ಮಲಗುವ ಮುನ್ನ ಓದಿ, ನಿಮ್ಮ ಮನೆಯ ಕನ್ನಡದಲ್ಲೇ ಹೇಳಿ. ಇಂಗ್ಲಿಷ್ ಶಾಲೆಯ ಮಕ್ಕಳೂ ಕಿವಿಗೊಟ್ಟು ಕೇಳುತ್ತಾರೆ. ಊರಿನಿಂದ ಅಜ್ಜ ಅಜ್ಜಿ ಬಂದಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೇ ಒಂದು ವಿನಂತಿ: ಯಾವ ಪುಟವನ್ನೂ ಹಾರಿಸಬೇಡಿ.